ಎಂಟಡಿಯ ಟೈಟಾನಿಕ್

“ಬೇವರ್ಸಿ! ಟೈಟಾನಿಕ್ ಮಾಡು ಅಂದ್ರೆ ಮೀನಿನ ದೋಣಿ ಮಾಡಿ ಇಟ್ಟಿದ್ದೀಯಲ್ಲ! ಕಣ್ಣೇನು ಕುಂಡೆಯಲ್ಲಿ ಉಂಟಾ ನಿಂಗೆ?”

ಭೋಜರಾಜ ನಕ್ಷೆಯನ್ನು ಕೊಗ್ಗನ ಮುಖಕ್ಕೆ ಎಸೆದ. ಗಲ್ಫ್ ದೇಶದ ರುಸೈಲಿನ ಆ ಮರದ ವರ್ಕ್‌ಶಾಪಿಗೆ ಅವನೇ ಮ್ಯಾನೇಜರು, ಊರವರ ಸಂಘಕ್ಕೂ ಅವನೇ ಅಧ್ಯಕ್ಷ. ತೊಂಬತ್ತೆಂಟರ ವಾರ್ಷಿಕೋತ್ಸವಕ್ಕೆ ಎಂಟಡಿ ಉದ್ದದ ಟೈಟಾನಿಕ್ ಆಗಲೇಬೇಕೆಂದು ಹಟ ಹಿಡಿದಿದ್ದ. ನಕ್ಷೆಯಲ್ಲಿ ಹಡಗಿನ ಹಿಂಬದಿ ದುಂಡಗೆ ಇತ್ತು. ಕೊಗ್ಗನ ಕೈ ಕೇಳಬೇಕಲ್ಲ! ಎರಡೂ ತುದಿ ಚೂಪು ಮಾಡಿಬಿಟ್ಟಿದ್ದ.

“ನಮ್ಮ ಕಡೆ ದೋಣಿ ಹೀಗೇ ಸಾರ್...”

ಭೋಜರಾಜನ ಸಿಟ್ಟು ಸರ್ರನೆ ಇಳಿಯಿತು. “ಹೋ, ದೋಣಿ ಕಟ್ಟಿದವನಾ ನೀನು? ಆಚಾರಿಗಳ ಪೈಕಿಯಾ?”

“ಹೌದು ಸಾರ್,” ಎಂದುಬಿಟ್ಟ ಕೊಗ್ಗ.

ಎಲ್ಲಿಯ ಆಚಾರಿ! ಬುಟ್ಟಿ ಹೆಣೆಯುವವರ ಮನೆಯಲ್ಲಿ ಹುಟ್ಟಿದವನು. ದೋಣಿ ಕಟ್ಟುವಲ್ಲಿ ಮರ ಹೊತ್ತು, ಉಳಿ ಮುಟ್ಟಿದ್ದಕ್ಕೆ ಕೆನ್ನೆಗೆ ಏಟು ತಿಂದು, ದೂರ ಕೂತು ನೋಡಿ ನೋಡಿಯೇ ಕಲಿತದ್ದು. ಆ ಒಂದು ಸುಳ್ಳಿಗೆ ಏನೆಲ್ಲ ಸಿಕ್ಕಿತು, ಅಬ್ಬಬ್ಬಾ! ಶುಕ್ರವಾರದ ರಜೆಯಲ್ಲಿ ದಾರ್ಸೈಟ್ ಬಡಾವಣೆಯ ಭೋಜರಾಜನ ಫ್ಲ್ಯಾಟಿನಲ್ಲೇ ಊಟ. ಮೇಜಿನ ಮೇಲೆ, ಅವರದೇ ತಟ್ಟೆಯಲ್ಲಿ. ಅವನ ಹೆಂಡತಿ ದಮಯಂತಿ “ಇನ್ನು ಸ್ವಲ್ಪ ಹಾಕ್ಲಾ ಕೊಗ್ಗಣ್ಣ?” ಎಂದು ಕೇಳಿ ಕೇಳಿ ಬಡಿಸುತ್ತಿದ್ದಳು.

ಹಿಂಬದಿಯನ್ನು ಹೊಸದಾಗಿ ಕಟ್ಟಿ, ನಾಲ್ಕನೇ ಚಿಮಣಿ ಕೂರಿಸುತ್ತಿದ್ದ ದಿನ ನೆಲ ಗುಡಿಸಲು ಹೊಸಬನೊಬ್ಬ ಬಂದ. ಬಾಗಿಲಲ್ಲೇ ನಿಂತು ಕೂಗಿದ: “ಅಣ್ಣಾ!”

ದೂಮಪ್ಪ! ಕೊಗ್ಗನ ಒಡಹುಟ್ಟಿದ ತಮ್ಮ. ಕ್ಲೀನಿಂಗ್ ಕಂಪೆನಿಯ ವೀಸಾದಲ್ಲಿ ಬಂದು ವಾರವಾಗಿತ್ತಷ್ಟೆ. ಎರಡು ವರ್ಷದಿಂದ ಊರಿಗೆ ಒಂದು ಕಾಗದವನ್ನೂ ಹಾಕದ ಕೊಗ್ಗನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

“ಯಾರಾ ಇವ ನಿಂಗೆ?” ಭೋಜರಾಜ ಕೇಳಿದ.

“ಯಾರೋ ಏನೋ ಸಾರ್. ನಂಗೆ ಗುರ್ತವೇ ಇಲ್ಲ.”

ಭೋಜರಾಜ ದೂಮಪ್ಪನ ಜಾತಿ ಕೇಳಿದ. ದೂಮಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ತಲೆ ತಗ್ಗಿಸಿ ಅಣ್ಣನ ಕಾಲಬುಡದ ಮರದ ಹುಡಿ ಗುಡಿಸಿದ. ಕೊಗ್ಗನಿಗೆ ನಾಚಿಕೆಯಾಯಿತು. ಆದರೂ ಹೇಡಿ, ಚಿಮಣಿಗೆ ಗೋಂದು ಹಚ್ಚುತ್ತಾ ಕೂತ.

ವಾರ್ಷಿಕೋತ್ಸವದ ದಿನ ಹಡಗಿನ ಮುಂದೆ ಫೋಟೋವೋ ಫೋಟೋ. ಭೋಜರಾಜ ಕೊಗ್ಗನಿಗೆ ಶಾಲು ಹೊದೆಸಿ, “ನಮ್ಮ ಕೊಗ್ಗ ಆಚಾರಿ! ಇಂಥ ಕೆಲಸ ರಕ್ತದಲ್ಲೇ ಬರ್ಬೇಕು!” ಎಂದು ಮೈಕಿನಲ್ಲಿ ಸಾರಿದ. ಅಷ್ಟರಲ್ಲಿ ಯಾರದೋ ಕೈಯಿಂದ ಪಾಯಸ ಚೆಲ್ಲಿತು. ಹಾಲ್ ಗುಡಿಸುವ ಕೆಲಸಕ್ಕೂ ಅವನ ಕಂಪೆನಿಯೇ ಕಳಿಸಿದ್ದ ದೂಮಪ್ಪ ಒರೆಸಲು ಬಂದಾಗ ಅವನ ಭುಜ ಹಡಗಿಗೆ ತಾಗಿತು.

“ಏ, ಮುಟ್ಬೇಡ! ಬುಟ್ಟಿ ಹೆಣೆಯುವ ಬೋಳಿಮಗನೆ, ನಿಂಗೆ ಹಡಗು ಬೇರೆ ಕೇಡು!” ಭೋಜರಾಜ ಮೈಕಿನಲ್ಲೇ ಗದರಿದ.

ಕೊಗ್ಗ ಮೈಕ್ ಕಿತ್ತುಕೊಂಡ. “ಅವ ನನ್ನ ತಮ್ಮ. ನಾನು ಆಚಾರಿ ಅಲ್ಲ, ನಾನೂ ಬುಟ್ಟಿ ಹೆಣೆಯುವವನೇ. ಈ ಹಡಗಿನ ಮೊಳೆ ಮೊಳೆಯೂ ನಾನು ಮುಟ್ಟಿದ್ದು. ಏನ್ಮಾಡ್ತೀರಿ, ಮಾಡಿ!”

 ಹಡಗಿನ ಮೇಲೆ ಇಟ್ಟಿದ್ದ ಪುಟ್ಟ ಮಗಳ ಕೈಯನ್ನು ದಮಯಂತಿ ಪಟ್ಟನೆ ಎಳೆದುಕೊಂಡಳು.

ಕೊಗ್ಗ ಶಾಲು ಬಿಸಾಡಿ, ವೇದಿಕೆಯಿಂದ ಇಳಿದು ಬಂದು ತಮ್ಮನ ಹೆಗಲಿಗೆ ಕೈ ಹಾಕಿದ. ದೂಮಪ್ಪ ಆ ಕೈಯನ್ನು ಮೆಲ್ಲಗೆ ತೆಗೆದ.

“ಅವತ್ತು ನಿಂಗೊಂದು ಸುದ್ದಿ ಹೇಳ್ಲಿಕ್ಕಿತ್ತು. ಅಮ್ಮ ತೀರಿಹೋಗಿ ವರ್ಷ ಆಯ್ತು. ಕಡೇವರೆಗೂ ನಿನ್ನನ್ನೇ ಕೇಳ್ತಿದ್ಲು. ಗುರ್ತ ಇಲ್ಲ ಅಂದವನಿಗೆ ಎಂಥ ಹೇಳುದು?”

ಅಷ್ಟು ಹೇಳಿ ಅವನು ಬಗ್ಗಿ ನೆಲ ಒರೆಸತೊಡಗಿದ. ಕೊಗ್ಗ ಪಕ್ಕದಲ್ಲಿ ಕುಕ್ಕರಿಸಿ, ಚೆಲ್ಲಿದ ಪಾಯಸವನ್ನು ಬರಿಗೈಯಲ್ಲಿ ಬಳಿಯುತ್ತಾ ಕೂತ.