ಗಾಳಿಗೆ ಎದುರಾಗಿ ಬಂದ ಡಬ್ಬಿ

ಬಸವಂತಮ್ಮ ಆ ಡಬ್ಬಿಯನ್ನು ಕಂಡಿದ್ದು ತನ್ನ ಹತ್ತಿ ಹೊಲದ ನಟ್ಟನಡುವೆ. ಹತ್ತಿರ ಹೋಗಿ ನೋಡಿದರೆ ಹರಿದು ಚಿಂದಿಯಾದ ತೆಳ್ಳನೆಯ ರಬ್ಬರು, ಅದಕ್ಕೆ ಸುತ್ತಿಕೊಂಡ ಉದ್ದನೆಯ ದಾರ, ದಾರದ ತುದಿಗೆ ಬುತ್ತಿ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಒಂದು ಮೂಲೆಯಿಂದ ಕಡ್ಡಿಯಂಥದ್ದು ಹೊರಚಾಚಿತ್ತು. ಕಾಲಿನಿಂದ ಮೆಲ್ಲಗೆ ಸರಿಸಿದಳು. ಸಿಡಿಯಲಿಲ್ಲ. ಆಗ ಅವಳ ತಲೆಗೆ ಬಂದದ್ದು ಒಂದೇ ಹೆಸರು, ಸುಮಂಗಲಾ.

ಅತ್ತಿತ್ತ ನೋಡಿ ಡಬ್ಬಿಯನ್ನು ಬುಟ್ಟಿಗೆ ಹಾಕಿ, ಮೇಲೆ ಹುಲ್ಲು ಮುಚ್ಚಿ ಮನೆಗೆ ಹೊತ್ತು ತಂದಳು.

ಸುಮಂಗಲಾ ಅವಳ ಮಾಳಿಗೆ ಮೇಲಿನ ಖೋಲಿಯ ಬಾಡಿಗೆಯವಳು. ಮಟಮಾರಿ ಕಡೆಯ ಹುಡುಗಿ. ಮಾನ್ವಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಊರು ಮಾನ್ವಿಯಿಂದ ದೇವದುರ್ಗಕ್ಕೆ ಹೋಗುವ ದಾರಿಯ ಮೇಲೇ ಇದ್ದುದರಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಒಕ್ಕಲುತನ ಮಾಡಿಕೊಂಡಿದ್ದ ಬಸವಂತಮ್ಮನಿಗೆ, ಮನೆಯಲ್ಲಿ ಇನ್ನೊಂದು ದನಿ ಕೇಳುವುದು ಹಿತವೇ ಆಗಿತ್ತು. ಆದರೆ ಮುಂಗಾರು ಕೈಕೊಡುತ್ತಿದ್ದಂತೆ ಆ ಹಿತದೊಳಗೆ ಒಂದು ಮುಳ್ಳು ಸೇರಿಕೊಂಡಿತು.

ಆರಿದ್ರಾ ಮಳೆ ಮುಖ ತೋರಿಸಿ ಓಡಿತ್ತು. ಪುನರ್ವಸು ಅದನ್ನೂ ಮಾಡಲಿಲ್ಲ. ಪಡುವಣದಿಂದ ಮೋಡಗಳು ಬರುತ್ತಿದ್ದವು, ಬೆನ್ನಟ್ಟಿಸಿಕೊಂಡವರ ಹಾಗೆ ಮೂಡಣಕ್ಕೆ ಓಡುತ್ತಿದ್ದವು. ಒಂದು ಹನಿ ಇಲ್ಲ. ಆಷಾಢದ ಗಾಳಿಗೆ ಬಾಗಿಲುಗಳೆಲ್ಲ ಬಡಿದುಕೊಳ್ಳುತ್ತಿದ್ದವು. ಇಂಥ ಹೊತ್ತಿನಲ್ಲೇ ಸುಮಂಗಲಾ ಮಾಳಿಗೆಯ ಮೇಲೊಂದು ಕೋಲು ನೆಟ್ಟು, ಅದರ ತುದಿಗೆ ನಾಲ್ಕು ಪ್ಲಾಸ್ಟಿಕ್ ಬಟ್ಟಲು ಕಟ್ಟಿದ ಚಕ್ರ ಕೂರಿಸಿದ್ದಳು. ಗಾಳಿ ಅಳೆಯಲಿಕ್ಕೆ, ಕಾಲೇಜಿನ ಹುಡುಗರಿಗೆ ತೋರಿಸಲಿಕ್ಕೆ ಎಂದಿದ್ದಳು. ಅದು ಹಗಲೂ ರಾತ್ರಿ ಗಿರಗಿರ ತಿರುಗುತ್ತಿತ್ತು.

ಮೊದಲು ಬಾಯಿಬಿಟ್ಟವನು ಬೀಜ-ಗೊಬ್ಬರದ ಅಂಗಡಿಯ ಗಡಿಗೆಪ್ಪ.

"ಬಸವಂತಕ್ಕ, ನಿನ್ನ ಮಾಳಿಗಿ ಮ್ಯಾಲಿನ ಚಕ್ರ ಮೋಡ ಕಡಿಯಾಕತ್ತದ ನೋಡು. ಅದು ಕುಂತಾಗಿಂದ ಒಂದು ಹನಿ ಬಿದ್ದದೇನು?"

ಅವಳು ಆಗ ನಕ್ಕಿದ್ದಳು. ಆದರೆ ಮಾತು ಬೀಜದಂಥದ್ದು, ಬಿದ್ದಲ್ಲಿ ಸುಮ್ಮನಿರುವುದಿಲ್ಲ. ಹುಡುಗಿ ಮಾಳಿಗೆಯ ಮೇಲೆ ನಿಂತು ಫೋನಿನಲ್ಲಿ, "ಸಮುದ್ರ ಈ ವರ್ಷ ಅಲ್ಲಿ ಕಾದದ ರೀ, ಮಳಿ ಎಲ್ಲ ಹಿಮಾಲಯದ ಕಡಿ ಸರದದ" ಎನ್ನುವುದನ್ನು ಬಸವಂತಮ್ಮ ಮೆಟ್ಟಿಲ ಕೆಳಗೆ ನಿಂತು ಕೇಳಿದ್ದಳು. ಮಳೆ ಎಲ್ಲಿಗೆ ಹೋಯಿತೆಂದು ಇವಳಿಗೆ ಹೇಗೆ ಗೊತ್ತು? ಕಳಿಸಿದವರಿಗೇ ಗೊತ್ತಿರಬೇಕಲ್ಲ! ಈಗ ನೋಡಿದರೆ ಆಕಾಶದಿಂದ ಡಬ್ಬಿ, ಅದೂ ತನ್ನ ಹೊಲದಲ್ಲೇ.

ಮರುದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಅದೇ ಬಸ್ಸಿನಲ್ಲಿ ಮುಂದೆ ಕುಳಿತಿದ್ದ ಸುಮಂಗಲಾ ತಿರುಗಿ ನೋಡಿ, "ಯವ್ವಾ, ಸಂತಿಗೇನ್ರಿ?" ಎಂದಳು. "ಹ್ಞೂಂ" ಎಂದು ಬಸವಂತಮ್ಮ ಚೀಲವನ್ನು ಕಾಲ ಸಂದಿಗೆ ಒತ್ತಿಕೊಂಡಳು. ಅಂದು ಸಂತೆಯಿರಲಿಲ್ಲ. ಅದು ಹುಡುಗಿಗೂ ಗೊತ್ತಿತ್ತು.

ರೇಡಿಯೋ, ಮೊಬೈಲು ರಿಪೇರಿ ಮಾಡುವ ಅಬ್ದುಲ್ ವಹೀದ್ ಅವಳ ಗಂಡನ ಕಾಲದಿಂದಲೂ ಪರಿಚಯದವನು. ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕ ಮೇಲೇರಿಸಿ ತಿರುವಿ ಮುರುವಿ ನೋಡಿದ.

"ಬಾಂಬ್ ಗೀಂಬ್ ಏನಿಲ್ಲಮ್ಮ. ಸೆಲ್ ಅದ, ಸಣ್ಣ ರೇಡಿಯೋ ಅದ. ರಬ್ಬರಿನ ದೊಡ್ಡ ಫುಗ್ಗಾಕ್ಕ ಗ್ಯಾಸ್ ತುಂಬಿ, ಇದನ್ನ ಕಟ್ಟಿ ಮ್ಯಾಲ ಬಿಡ್ತಾರ, ಹವಾ ನೋಡಾಕ. ಇಲ್ಲಿ ಬರದದ ನೋಡ್ರಿ, ಹೈದರಾಬಾದಿಂದು."

"ಹೈದರಾಬಾದ್ ಯಾವ ದಿಕ್ಕಿಗದ?"

"ಮೂಡಣಕ್ಕ."

"ಗಾಳಿ ಯಾವ ಕಡಿಂದ ಬೀಸಾಕತ್ತದ?"

ವಹೀದ್ ಬಾಗಿಲಾಚೆ ನೋಡಿದ. ರಸ್ತೆಯ ಧೂಳೆಲ್ಲ ಪಡುವಣದಿಂದ ಮೂಡಣಕ್ಕೆ ಹಾರುತ್ತಿತ್ತು.

"ನನ್ನ ಹತ್ತಿ ಗಿಡ ಎಲ್ಲ ಮೂಡಣಕ್ಕ ವಾಲ್ಯಾವ," ಎಂದಳು ಬಸವಂತಮ್ಮ. "ಇಂಥಾ ಗಾಳ್ಯಾಗ ಫುಗ್ಗಾ ಹೈದರಾಬಾದಿಂದ ಎದುರಾಗಿ ಹ್ಯಾಂಗ ಬಂತು? ಇದಕ್ಕೇನು ಕಾಲದಾವೇನು?"

ವಹೀದ್ ತಲೆ ಕೆರೆದುಕೊಂಡ. "ಬಾತ್ ತೋ ಸಹೀ ಹೈ, ಮಾತು ಖರೇ ಅದ," ಎಂದ ಮೆಲ್ಲಗೆ. "ಸುಳ್ಳು ಚೀಟಿ ಅಂಟಿಸ್ಯಾರೋ ಏನೋ."

ಅವಳಿಗೆ ಬೇಡವಾಗಿದ್ದದ್ದು ಅದೇ ಮಾತು. ಪಕ್ಕದಲ್ಲಿ ಚಾರ್ಜರ್ ಕೊಳ್ಳಲು ನಿಂತವನೊಬ್ಬ ಕೇಳಿಸಿಕೊಂಡ. ಅವಳು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಹೊತ್ತು ಇಳಿಯುವಾಗ ಗಡಿಗೆಪ್ಪ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಬಂದ. ಸುಮಂಗಲಾ ಆಗತಾನೇ ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟಿದ್ದಳು.

"ಡಬ್ಬಿ ತೋರಿಸು ಬಸವಂತಕ್ಕ," ಎಂದ ಗಡಿಗೆಪ್ಪ.

ಬಸವಂತಮ್ಮ ಡಬ್ಬಿಯನ್ನು ತಂದು ಕಟ್ಟೆಯ ಮೇಲಿಟ್ಟಳು. ಹುಡುಗಿಯ ಮುಖವನ್ನೇ ನೋಡುತ್ತ, "ಇದು ನಿಂದೇನು?" ಎಂದಳು.

ಹೆದರಿಕೆ ಕಾಣುತ್ತದೆಂದುಕೊಂಡಿದ್ದಳು. ಆದರೆ ಸುಮಂಗಲಾಳ ಮುಖ ಅರಳಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಅಯ್ಯ, ಇದು ಎಲ್ಲಿ ಸಿಕ್ತ್ರಿ ಯವ್ವಾ? ಪುಸ್ತಕದಾಗಷ್ಟ ನೋಡಿದ್ದೆ!"

"ನಾಟಕ ಬ್ಯಾಡ," ಎಂದ ಗಡಿಗೆಪ್ಪ.

"ಹೈದರಾಬಾದಿಂದ ಬಂತು ಅಂತಾರ," ಬಸವಂತಮ್ಮ ಬಿಡಲಿಲ್ಲ. "ಗಾಳಿಗೆ ಎದುರಾಗಿ ಹ್ಯಾಂಗ ಬಂತು? ಅದೊಂದು ಹೇಳು."

ಸುಮಂಗಲಾ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ಮಾಳಿಗಿ ಮ್ಯಾಲ ಬರ್ರಿ," ಎಂದಳು. "ನಾ ಹೇಳೂದಕ್ಕಿಂತ ನೀವ ನೋಡ್ರಿ."

ಎಲ್ಲರೂ ಹತ್ತಿದರು. ಕೆಳಗಿನ ಬೂದು ಮೋಡಗಳು ಎಂದಿನಂತೆ ಮೂಡಣಕ್ಕೆ ಓಡುತ್ತಿದ್ದವು. "ಅವುಗಳ ಸಂದ್ಯಾಗ ನೋಡ್ರಿ. ಭಾಳ ಮ್ಯಾಲ, ಹಿಂಜಿದ ಹತ್ತಿಯಂಗ ಬೆಳ್ಳಗದಾವಲ್ಲ, ಅವು. ಈ ಕಂಬದ ತುದಿಗೆ ಕಣ್ಣಿಟ್ಟು ನಿಲ್ರಿ, ಅಲುಗಬ್ಯಾಡ್ರಿ."

ಬಸವಂತಮ್ಮ ಲೈಟಿನ ಕಂಬದ ತುದಿಗೆ ಕಣ್ಣು ಕೀಲಿಸಿ ನಿಂತಳು. ಮೊದಲು ಏನೂ ತಿಳಿಯಲಿಲ್ಲ. ಬೂದು ಮೋಡವೊಂದು ಸರಿದು ಕಿಂಡಿ ತೆರೆಯಿತು. ಸಂಜೆಯ ಬಿಸಿಲಿಗೆ ಕೆಂಪೇರಿದ್ದ ಒಂದು ಎಳೆ ಮೋಡ ಕಂಬದ ಮೂಡಣದಲ್ಲಿತ್ತು. ನೋಡುತ್ತಿದ್ದಂತೆ ಅದು ಕಂಬಕ್ಕೆ ತಾಗಿತು, ದಾಟಿತು, ಪಡುವಣಕ್ಕೆ ಹೋಯಿತು. ಕೆಳಗಿನವು ಅತ್ತ, ಮೇಲಿನವು ಇತ್ತ. ಅರವತ್ತು ದಾಟಿದ ಜೀವ, ಆಕಾಶ ನೋಡಿಯೇ ಬಿತ್ತಿದ್ದು, ಬೆಳೆದದ್ದು. ಇದು ಕಂಡಿರಲಿಲ್ಲ.

"ಎಪ್ಪಾ... ಹಿಂದಕ್ಕ ಹೊಂಟದಲ್ಲ," ಎಂದಳು.

"ಹೌದ್ರಿ. ಬ್ಯಾಸಗಿಗೆ ನೆಲ ಕಾದು ಗಾಳಿ ಮ್ಯಾಲೇರ್ತದ, ಆ ಜಾಗಕ್ಕ ಸಮುದ್ರದ ಹಸಿ ಗಾಳಿ ನುಗ್ಗತದ. ಮ್ಯಾಲೇರಿದ್ದು ತಿರುಗಿ ಸಮುದ್ರದ ಕಡಿ ಹೋಗ್ತದ. ಭೂಮಿ ತಿರುಗಾಕತ್ತದಲ್ರಿ, ಅದಕ್ಕ ಎರಡೂ ನೆಟ್ಟಗ ಹೋಗಂಗಿಲ್ಲ. ಬರೂದು ಮೂಡಣಕ್ಕ ಬಾಗ್ತದ, ಹೋಗೂದು ಪಡುವಣಕ್ಕ. ಫುಗ್ಗಾ ಆ ಮ್ಯಾಲಿನ ಗಾಳಿ ಹಿಡಕೊಂಡು ಬಂದದ."

"ಹಂಗಾದ್ರ ಮೋಡ ಯಾಕ ಸುರಿವಲ್ಲವು?" ಎಂದ ಗುಂಪಿನಲ್ಲಿದ್ದ ಯಂಕಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಪಡುವಣದ ಘಟ್ಟ ಹತ್ತೂವಾಗ ನೀರೆಲ್ಲ ಅಲ್ಲೇ ಇಳಿಸಿ ಬರ್ತಾವ್ರಿ. ನಾವು ಘಟ್ಟದ ಬೆನ್ನಿಗದೀವಿ. ಬಂಗಾಳ ಕೊಲ್ಲಿ ಕಡಿಂದ ಮೋಡದ ಸುಳಿ ಎದ್ರ ನಮಗ ಮಳಿ."

ಯಂಕಣ್ಣ ಇನ್ನೂ ಮೇಲೆ ನೋಡುತ್ತಿದ್ದ. ಗಡಿಗೆಪ್ಪ ನೋಡಲೇ ಇಲ್ಲ. ಅವನು ಬಸವಂತಮ್ಮನನ್ನು ಮೂಲೆಗೆ ಕರೆದು, ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದ:

"ಮೋಡ ಹಾಳಾಗಲಿ. ಈಕಿ ಯಾರ ಪೈಕಿ ಅಂತ ಕೇಳೀಯೇನು ನೀನು? ಮಟಮಾರ್ಯಾಗ ನಮ್ಮವರು ಕೇಳಿಕೊಂಡು ಬಂದಾರ. ಖೋಲಿ ಕೊಡೂಕಿಂತ ಮೊದಲ ಕೇಳಬೇಕಿತ್ತು."

ಬಸವಂತಮ್ಮ ಅವನ ಮುಖವನ್ನೇ ನೋಡಿದಳು. ಹಾಗಾದರೆ ಮೋಡದ ಮಾತು ಬರೀ ಬಾಯಿಮಾತು. ಇವನು ಮಟಮಾರಿಗೆ ಮಂದಿ ಕಳಿಸಿದ್ದು ಚಕ್ರ ಬಂದ ಮೇಲೋ, ಅದಕ್ಕಿಂತ ಮೊದಲೋ? ತಾನು ಯಾರ ಸಂಶಯವನ್ನು ಹೊತ್ತು ಮಾನ್ವಿಯ ತನಕ ಅಲೆದೆ?

"ಮಾಳಿಗಿ ನಂದು ಗಡಿಗೆಪ್ಪ," ಎಂದಳು. "ಇಳೀರಿ ಎಲ್ಲಾರೂ."

ಇಳಿದರು. ಆದರೆ ಮರುದಿನ ಇಬ್ಬರೂ ಮನೆಯಲ್ಲಿಲ್ಲದ ಹೊತ್ತಿಗೆ ಯಾರೋ ಚಕ್ರವನ್ನು ಕಿತ್ತು ಬೀದಿಗೆ ಎಸೆದಿದ್ದರು. ಒಡೆದ ಬಟ್ಟಲುಗಳನ್ನು ಸುಮಂಗಲಾ ಆರಿಸಿಕೊಂಡು ಬಂದಳು. ಸಂಜೆಗೆ ಗಂಟುಮೂಟೆ ಕಟ್ಟಿದಳು.

"ನಾ ಅದೀನಲ್ಲ, ಯಾಕ ಹೊಂಟಿ?" ಎಂದಳು ಬಸವಂತಮ್ಮ.

"ಅವರ ಮಾತು ಬಿಡ್ರಿ ಯವ್ವಾ, ಅದು ನನಗ ಹೊಸದಲ್ಲ." ಹುಡುಗಿ ಚೀಲದ ದಾರ ಬಿಗಿಯುತ್ತ ತಲೆ ಎತ್ತಲಿಲ್ಲ. "ನೀವು ಡಬ್ಬಿ ಮುಚ್ಚಿಟ್ಟುಕೊಂಡು ನನ್ನ ಬಸ್ಸಿನ್ಯಾಗ ಬಂದ್ರಲ್ಲ. ನನ್ನ ಒಂದು ಮಾತು ಕೇಳಬಹುದಿತ್ತು."

ಸುಮಂಗಲಾ ದೇವದುರ್ಗದಲ್ಲಿ ಗೆಳತಿಯೊಬ್ಬಳ ಖೋಲಿಗೆ ಹೋದಳು. ದಾರಿ ಉಲ್ಟಾ ಆಯಿತು, ದೂರವೂ ಆಯಿತು. ಈಗ ಅವಳು ಕಾಲೇಜಿಗೆ ಹೋಗುವ ಬಸ್ಸು ಇದೇ ಊರನ್ನು ಹಾದು ಹೋಗುತ್ತಿತ್ತು. ನಿಂತಾಗ ಕಿಟಕಿಯಿಂದ ಕೈ ಮಾಡುತ್ತಿದ್ದಳೋ ಇಲ್ಲವೋ, ಬಸವಂತಮ್ಮ ಹೊರಗೆ ಬಂದು ನೋಡುವ ಧೈರ್ಯ ಮಾಡಲಿಲ್ಲ.

ಶ್ರಾವಣ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಫೋನು ಬಡಿಯಿತು.

"ಯವ್ವಾ, ಹತ್ತಿಗೆ ಯೂರಿಯಾ ಹಾಕೀರೇನು?"

"ಇವತ್ತು ಹಾಕಬೇಕಂತ ಚೀಲ ಬಿಚ್ಚಾಕತ್ತಿದ್ದೆ."

"ಬ್ಯಾಡ್ರಿ, ತಡೀರಿ. ಬಂಗಾಳ ಕೊಲ್ಲಿಯಾಗ ಸುಳಿ ಎದ್ದದ. ಇಲ್ಲಿ ತನಕ ಬಂದ್ರ ಜೋರು ಮಳಿ ಆಗ್ತದ, ಗೊಬ್ಬರ ಎಲ್ಲ ಕೊಚ್ಚಿ ಹೋಗ್ತದ. ಬರ್ತದ ಅಂತ ಖಾತ್ರಿ ಹೇಳಂಗಿಲ್ಲ ಮತ್ತ. ತಿರುಗಿಕೊಂಡ್ರೂ ತಿರುಗಬಹುದು."

ಹೊರಗೆ ಬಿಸಿಲು ಸುಡುತ್ತಿತ್ತು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಬಸವಂತಮ್ಮ ಯಾಕೆ, ಹೇಗೆ ಎಂದು ಕೇಳಲಿಲ್ಲ. "ಆತವ್ವಾ," ಎಂದು ಚೀಲದ ಬಾಯಿ ಕಟ್ಟಿದಳು.

ಮೂಡಣದಿಂದಲೇ ಬಂತು ಮಳೆ. ಎರಡು ದಿನ ಬಿಡದೆ ಹೊಡೆಯಿತು. ಹಳ್ಳ ತುಂಬಿ ಹರಿಯಿತು. ಮಳೆ ನಿಂತ ಮೇಲೆ ಗಡಿಗೆಪ್ಪ ಅಂಗಡಿಯ ಕಟ್ಟೆಯ ಮೇಲೆ ಮೀಸೆ ತೀಡುತ್ತ, "ನೋಡಿದ್ರೇನು? ಚಕ್ರ ಹೋತು, ಮಳಿ ಬಂತು," ಎನ್ನುತ್ತಿದ್ದ. ಕೂತವರು ಹೌದು ಹೌದೆಂದು ತಲೆದೂಗುತ್ತಿದ್ದರು. ಯಂಕಣ್ಣ ಮಾತ್ರ ತಲೆ ಎತ್ತಿ ಆಕಾಶ ನೋಡುತ್ತಿದ್ದ.

ಬಸವಂತಮ್ಮ ಅಲ್ಲಿ ನಿಲ್ಲಲಿಲ್ಲ. ಕೆಸರು ತುಳಿಯುತ್ತ ರಸ್ತೆಗೆ ಬಂದು, ದೇವದುರ್ಗದ ಬಸ್ಸಿಗೆ ಕೈ ಅಡ್ಡ ಹಿಡಿದಳು.