ಹಿಂದಿನ ಸಾಲು

“ಹಿಂದಿನ ಸಾಲು, ಎಡಗಡೆಯಿಂದ ನಾಲ್ಕನೆಯವರು, ಗದ್ದ ಸ್ವಲ್ಪ ಮೇಲೆ,” ಎಂದು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿನಿಂದ ಮಗಳ ದನಿ ಬಂತು. “ಅಮ್ಮಾ, ನಿನಗೇ ಹೇಳ್ತಿರೋದು.”

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾಲ್ಕು ಸಾಲಾಗಿ ಸೇರಿದ್ದ ತೊಂಬತ್ತಾರು ಜನ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಹಿಂದೆ, ಬೆಂಚಿನ ಮೇಲೆ ನಿಂತಿದ್ದ ತಾಯಿ ಮಾತ್ರ ನಗಲಿಲ್ಲ. ಗದ್ದವನ್ನು ಒಂದು ಬೆರಳಿನಷ್ಟು ಎತ್ತಿ, ಕೈಗಳನ್ನು ಮಗ್ಗುಲಿಗೆ ಅಂಟಿಸಿಕೊಂಡು, ಗೂಟ ಹೊಡೆದ ಹಾಗೆ ನಿಂತಳು. ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅವಳ ಗಂಡ ಅದನ್ನು ನೋಡಿ ಮುಖ ಬೇರೆ ಕಡೆಗೆ ತಿರುಗಿಸಿದರು.

ಅವರನ್ನು ಎಲ್ಲರೂ ಕರೆಯುವುದು ‘ಒಂದ್ಸಲ ಮೇಷ್ಟ್ರು’ ಎಂದು. ಶಾಲೆಯ ಮೇಷ್ಟ್ರಲ್ಲ, ದೊಡ್ಡ ಹಾಳೆಯ ಫಿಲಂ ಕ್ಯಾಮೆರಾದಲ್ಲಿ ನಲವತ್ತು ವರ್ಷ ಗುಂಪು ಫೋಟೋ ತೆಗೆದವರು, ಕಲಿಯಲು ಬಂದವರಿಗೆ ಕಲಿಸಿದವರು. “ಇನ್ನೊಂದ್ಸಲ” ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಫಿಲಂ ಹೋಲ್ಡರಿಗೆ ಎರಡು ಮಗ್ಗುಲು, ಎರಡು ಹಾಳೆ ಹಿಡಿಯುತ್ತದೆ. ಅವರು ಒಂದು ಮಗ್ಗುಲಿಗೆ ಹಾಳೆ ಹಾಕಿ ಇನ್ನೊಂದನ್ನು ಖಾಲಿ ಬಿಟ್ಟುಕೊಂಡೇ ಹೊರಡುತ್ತಿದ್ದರು. ಅದು ಅವರ ಗತ್ತು. ಇವತ್ತು ಬೆಳಿಗ್ಗೆ ಮಗಳು ಎರಡೂ ಮಗ್ಗುಲು ತುಂಬಿದ್ದೇನೆಂದಾಗ ಅವರಿಗೆ ತಡೆಯಲಾಗಲಿಲ್ಲ.

“ಎರಡನೆಯದು ಇದೆ ಅಂತ ಗೊತ್ತಾದ್ರೆ ಮೊದಲನೆಯದಕ್ಕೆ ಮರ್ಯಾದೆ ಇರಲ್ಲ ಕಣಮ್ಮಾ.”

“ನನಗೆ ಅಷ್ಟೊಂದು ಗತ್ತಿಲ್ಲಪ್ಪ,” ಎಂದು ಮಗಳು ನಕ್ಕಿದ್ದಳು. ಅದರ ಮೇಲೊಂದು ಕರಾರನ್ನೂ ಹಾಕಿದ್ದಳು. ಅವರು ಬರಬಹುದು, ಸ್ಟೂಲಿನ ಮೇಲೆ ಕೂರಬಹುದು, ಬಾಯಿ ಮಾತ್ರ ಬಿಡಬಾರದು.

ಕೈ ನಡುಗಲು ಶುರುವಾದ ಮೇಲೆ ಮೇಷ್ಟ್ರು ಕ್ಯಾಮೆರಾವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದರು. ಆಸ್ಪತ್ರೆಗೆ ಐವತ್ತು ತುಂಬಿದ ಈ ಫೋಟೋ ಅವಳು ಹಿಡಿದ ಮೊದಲ ದೊಡ್ಡ ಕೆಲಸ. ನಿವೃತ್ತರಾದವರನ್ನೂ ಕರೆಸಿದ್ದರು. ಫೋನಿನಲ್ಲೇ ತೆಗೆದರಾಯಿತು, ಇಷ್ಟಕ್ಕೆ ಈ ಮರದ ಪೆಟ್ಟಿಗೆ ಯಾಕೆ ಎಂದವರಿದ್ದರು. ಮಗಳು ಹಿರಿಯ ವೈದ್ಯರ ಎದುರು ಕೂತು, ಗೋಡೆಯಷ್ಟು ದೊಡ್ಡದು ಮಾಡಿದರೂ ತೊಂಬತ್ತಾರು ಜನರಲ್ಲಿ ಒಬ್ಬೊಬ್ಬರ ಹುಬ್ಬಿನ ಕೂದಲೂ ಕಾಣುತ್ತದೆ ಎಂದು ಮಾತು ಕೊಟ್ಟು ಬಂದಿದ್ದಳು. ಮಾತು ಕೊಡುವಾಗ ಮೇಷ್ಟ್ರು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದರು. ಅವತ್ತಿನಿಂದ ಅವರ ನಡಿಗೆಯೇ ಬೇರೆಯಾಗಿತ್ತು.

ಆಗಬೇಕಾದದ್ದೇ. ಅವಳಿಗೆ ಅವರು ಕಲಿಸಿದ ರೀತಿ ಬೇರೆ ಯಾರಿಗೂ ಕಲಿಸಿದ್ದಲ್ಲ. ಫೋಟೋ ತೆಗೆಯುವುದನ್ನಲ್ಲ, ಕೆಡಿಸುವುದನ್ನು ಕಲಿಸಿದ್ದರು. ಶಟರ್ ತೆರೆದಿಟ್ಟುಕೊಂಡೇ ಹಾಳೆಗೆ ಬೆಳಕು ತಾಗದಂತೆ ಮುಚ್ಚಿರುವ ಹೋಲ್ಡರಿನ ತಗಡನ್ನು ಎಳೆಯಲು ಹೇಳಿ, ಬೆಳಕು ನುಗ್ಗಿ ಕಪ್ಪಾದ ಹಾಳೆಯನ್ನು ಅವಳ ಕೈಯಿಂದಲೇ ತೊಳೆಸಿದ್ದರು. ಒಂದೇ ಹಾಳೆಗೆ ಎರಡು ಸಲ ಬೆಳಕು ಬಿಡಿಸಿ, ಚಿಕ್ಕಪ್ಪನ ಹೊಟ್ಟೆಯೊಳಗೆ ಬೈಸಿಕಲ್ ಬಂದು ನಿಂತದ್ದನ್ನು ತೋರಿಸಿದ್ದರು. ಕತ್ತಲ ಕೋಣೆಯಲ್ಲಿ ಹಾಳೆಯನ್ನು ತಿರುವುಮುರುವಾಗಿ ಹಾಕಿಸಿದ್ದರು, ಸ್ಟ್ಯಾಂಡಿನ ತಿರುಪು ಬಿಗಿಯದೆ ಬಿಡಿಸಿದ್ದರು. “ತಪ್ಪಿನ ಮುಖ ಒಂದು ಸಲ ನೋಡಿದ್ರೆ ಕೈ ತಾನಾಗಿ ಹೆದರುತ್ತೆ,” ಎನ್ನುತ್ತಿದ್ದರು. ಹೀಗೆ ಹನ್ನೊಂದು ತಪ್ಪುಗಳನ್ನು ಬೇಕೆಂದೇ ಮಾಡಿಸಿದ್ದರು. ಹನ್ನೆರಡನೆಯದೊಂದಿತ್ತು. ಅದನ್ನು ಮಾತ್ರ ಬಾಯಲ್ಲಿ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದರು.

ಈಗ ಮಗಳು ಬಟ್ಟೆಯಿಂದ ಹೊರಗೆ ಬಂದಳು. ಹಣೆಯ ಮೇಲೆ ಬೆವರು. ಶಟರ್ ಮುಚ್ಚಿದಳು. ಕೈ ಲೆನ್ಸಿನ ಕಡೆಗೆ ಹೊರಟಿತ್ತು, ಅಷ್ಟರಲ್ಲಿ ಮುಂದಿನ ಸಾಲಿನ ನಡುವೆ ಕೂತಿದ್ದ ಹಿರಿಯ ವೈದ್ಯರು, “ಏನಮ್ಮಾ, ನನ್ನ ಟೈ ನೆಟ್ಟಗಿದೆಯಾ?” ಎಂದು ಕೇಳಿದರು.

“ಸ್ವಲ್ಪ ಎಡಕ್ಕೆ, ಸರ್. ಹಾಂ, ಈಗ ಸರಿ.”

ಮತ್ತೆ ಕೈ ಹಿಂದಕ್ಕೆ ಬಂತು. ಹೋಲ್ಡರನ್ನು ಕ್ಯಾಮೆರಾದ ಬೆನ್ನಿಗೆ ತೂರಿಸಿದಳು. ಶಟರಿನ ಸ್ಪ್ರಿಂಗು ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಗಡನ್ನು ಮೇಲಕ್ಕೆ ತೆಗೆದಳು. ಮೇಷ್ಟ್ರು ಅವಳ ಕೈಯನ್ನೇ ನೋಡುತ್ತಿದ್ದರು. ಎಷ್ಟು ಚೆಂದದ ಕೈ, ಒಂದಿಷ್ಟೂ ಅವಸರವಿಲ್ಲ, ನನ್ನ ಕೈಗಿಂತ ಮೆತ್ತಗೆ ಎಂದು ಎದೆ ಉಬ್ಬಿಸಿಕೊಂಡು ಕೂತಿದ್ದರಿಂದ ಲೆನ್ಸಿನ ಕಡೆ ಅವರ ಕಣ್ಣು ಹೋಗಲೇ ಇಲ್ಲ.

“ಯಾರೂ ಅಲ್ಲಾಡಬೇಡಿ. ಒಂದು, ಎರಡು…”

ಶಟರ್ ಚಿಟುಕೆ ಹೊಡೆದಷ್ಟೇ ಸದ್ದು ಮಾಡಿತು. ಮೆಟ್ಟಿಲಿಗೆ ಮೆಟ್ಟಿಲೇ ಚಪ್ಪಾಳೆ ತಟ್ಟಿತು. ದಾದಿಯರು ಕಾಲು ಝಾಡಿಸಿದರು, ವೈದ್ಯರು ಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ತಾಯಿ, ಹಿಡಿದಿದ್ದ ಉಸಿರನ್ನು ಬಾಯಿಯಿಂದ ಬಿಟ್ಟದ್ದು ಇಲ್ಲಿಗೂ ಕಂಡಿತು. ಮಗಳು ತಗಡನ್ನು ವಾಪಸು ಇಳಿಸಿ, ಕ್ಯಾಮೆರಾದ ಮುಂದಕ್ಕೆ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

ಮೇಷ್ಟ್ರು ಅವಳ ಕಣ್ಣು ಹೋದಲ್ಲಿಗೆ ನೋಡಿದರು. ಲೆನ್ಸಿನ ಕಣ್ಣು ಪೂರ್ತಿ ಅರಳಿಕೊಂಡೇ ಇತ್ತು. ಗಾಜಿನ ಮೇಲೆ ಚಿತ್ರ ನೋಡಿಕೊಳ್ಳುವಾಗ ಅದು ಹಾಗೆ ಅಗಲವಾಗಿರಬೇಕು. ತೆಗೆಯುವ ಮೊದಲು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ ಅದನ್ನು ಕಿರಿದು ಮಾಡಬೇಕು. ಆಗಲೇ ಮುಂದಿನವರೂ ಹಿಂದಿನವರೂ ಒಂದೇ ಸಮ ಸ್ಪಷ್ಟವಾಗುವುದು. ಮರೆತರೆ ಮುಂದೆ ಕೂತವರ ಟೈ ಎಳೆಎಳೆಯಾಗಿ ಕಾಣುತ್ತದೆ, ಹಿಂದೆ ನಿಂತವರ ಮುಖ ನೀರಿನಲ್ಲಿ ನೆನೆದ ಕಾಗದವಾಗುತ್ತದೆ. ಹನ್ನೆರಡನೆಯ ತಪ್ಪು ಎಂದರೆ ಇದೇ.

ಮಗಳ ಮುಖ ಬಿಳಿಚಿಕೊಂಡಿತ್ತು. ಮೇಷ್ಟ್ರು ಸ್ಟೂಲಿನಿಂದ ಅವಳ ಕಡೆಗೆ ವಾಲಿದರು. ಕರಾರು ಮರೆತೇಹೋಯಿತು.

“ಬಿಡು. ಬೆಳಕು ಜಾಸ್ತಿಯಾಗಿರೋದನ್ನ ತೊಳೆಯುವಾಗ ಸರಿಮಾಡ್ಕೋಬಹುದು,” ಎಂದು ಪಿಸುಗುಟ್ಟಿದರು. “ಮುಂದಿನ ಸಾಲು ಚೆನ್ನಾಗೇ ಬಂದಿರುತ್ತೆ. ಗೋಡೆಗೆ ಹಾಕೋರು ಅವರೇ ತಾನೆ.”

“ಹಿಂದಿನ ಸಾಲು?”

“ಅಲ್ಲಾಡಿಬಿಟ್ರು ಅಂದ್ರಾಯ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಸ್ಪತ್ರೆಯ ಹಜಾರದಲ್ಲಿ ತೂಗುಹಾಕಿದ್ದ, ಇಪ್ಪತ್ತೈದು ವರ್ಷದ ಹಿಂದೆ ಅಪ್ಪನೇ ತೆಗೆದ ಫೋಟೋವನ್ನು ಅವಳು ಚಿಕ್ಕಂದಿನಿಂದ ನೋಡಿದವಳು. ಅದರ ಮುಂದಿನ ಸಾಲಿನಲ್ಲಿ ವೈದ್ಯರ ಕೋಟಿನ ಗುಂಡಿಗಳನ್ನು ಎಣಿಸಬಹುದು. ಹಿಂದಿನ ಸಾಲಿನಲ್ಲಿ, ಅಡುಗೆಯವರ, ಬಟ್ಟೆ ಒಗೆಯುವವರ, ಕಾವಲಿನವರ ಜಾಗದಲ್ಲಿ ಹನ್ನೊಂದು ಮಸುಕು ಉಂಡೆಗಳು. ಕಾವಲುಗಾರ ತೀರಿಕೊಂಡಾಗ ಅವನ ಮಗ, ಅಪ್ಪನ ಮುಖ ಅದರಿಂದ ಬಿಡಿಸಿಕೊಡಿ ಎಂದು ಸ್ಟುಡಿಯೋಗೆ ಬಂದಿದ್ದ. “ಏನು ಮಾಡ್ಲಪ್ಪಾ, ನಿಮ್ಮಪ್ಪ ಅಲ್ಲಾಡಿಬಿಟ್ರು,” ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಬಟ್ಟೆ ಒಗೆಯುವವರ ನಡುವಿನ ಒಂದು ಉಂಡೆ ಅಮ್ಮ. “ನೋಡಿ, ಆ ಮಸಿ ಮಸಿ ಕಾಣ್ತದಲ್ಲ, ಅದೇ ನಾನು. ಒಂದು ಗಳಿಗೆ ನೆಟ್ಟಗೆ ನಿಲ್ಲಕ್ಕಾಗದ ಜನ್ಮ,” ಎಂದು ಅಮ್ಮ ತಾನೇ ತನ್ನನ್ನು ಆಡಿಕೊಳ್ಳುತ್ತಿದ್ದಳು. ಆಮೇಲೆ ತೆಗೆದ ಯಾವ ಫೋಟೋದಲ್ಲೂ ಅವಳು ಉಸಿರಾಡಿದವಳಲ್ಲ. ಮನೆಯ ಆಲ್ಬಮ್ಮಿನಲ್ಲಿ ಎಲ್ಲರೂ ನಗುತ್ತಿದ್ದರೆ ಅವಳೊಬ್ಬಳು ಕಣ್ಣು ಬಿಟ್ಟುಕೊಂಡು ನೀರಿನೊಳಗೆ ಮುಳುಗಿದವಳ ಹಾಗಿರುತ್ತಿದ್ದಳು.

“ಅಮ್ಮ ಅಲ್ಲಾಡ್ಲಿಲ್ಲಪ್ಪ,” ಎಂದಳು ಮಗಳು. ಇವತ್ತಿನದನ್ನು ಹೇಳಿದಳೋ ಅವತ್ತಿನದನ್ನೋ, ಮೇಷ್ಟ್ರು ಕೇಳಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ಅವಳು ಕ್ಯಾಮೆರಾದ ಮುಂದೆ ಬಂದು ನಿಂತು ಎರಡೂ ಕೈ ಎತ್ತಿದಳು.

“ದಯವಿಟ್ಟು ಯಾರೂ ಹೋಗಬೇಡಿ! ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಬನ್ನಿ. ತಪ್ಪು ನನ್ನದು. ಲೆನ್ಸ್ ಕಿರಿದು ಮಾಡೋದು ಮರೆತೆ. ನೀವ್ಯಾರೂ ಅಲ್ಲಾಡಿಲ್ಲ, ಎಲ್ಲರೂ ಚೆನ್ನಾಗೇ ನಿಂತಿದ್ರಿ. ಇನ್ನೊಂದ್ಸಲ ತೆಗೀಬೇಕು.”

ಗುಜುಗುಜು ಎದ್ದಿತು. ಯಾರೋ ಅಯ್ಯೋ ಎಂದರು. ಹಿರಿಯ ವೈದ್ಯರು ಅರ್ಧ ಎದ್ದಿದ್ದವರು ಕುರ್ಚಿಯ ಕೈ ಹಿಡಿದುಕೊಂಡು, “ನಿಮ್ಮ ತಂದೆಯವರು ಒಂದೇ ಸಲಕ್ಕೆ ಮುಗಿಸ್ತಿದ್ರಮ್ಮಾ,” ಎಂದರು.

“ಅವರು ಮೇಷ್ಟ್ರು, ಸರ್. ನಾನು ಎರಡು ಸಲ ತೆಗೀತೀನಿ,” ಎಂದಳು ಮಗಳು. ವೈದ್ಯರು ಕೂತರು. ಅವರು ಕೂತದ್ದು ನೋಡಿ ಉಳಿದವರೂ ತಮ್ಮ ತಮ್ಮ ಜಾಗಕ್ಕೆ ಮರಳಿದರು.

ಮೇಷ್ಟ್ರಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಹೆಮ್ಮೆ. ತೊಂಬತ್ತಾರು ಜನರ ಎದುರು ಅಷ್ಟು ನೆಟ್ಟಗೆ ನಿಂತು ಆ ಮಾತು ಹೇಳಲು ನಲವತ್ತು ವರ್ಷದಲ್ಲಿ ತನಗಾಗಲಿಲ್ಲ. ಇವಳು ಮೊದಲ ದಿನವೇ ಹೇಳಿದಳು. ತಾನು ಕಲಿಸದೆ ಬಿಟ್ಟದ್ದನ್ನು ಇವಳು ಯಾರಿಂದಲೋ ಕಲಿತಿದ್ದಾಳೆ. ಯಾರಿಂದ ಎಂದು ಯೋಚಿಸುತ್ತ ಅವರು ಮೇಲಿನ ಬೆಂಚಿನ ಕಡೆಗೆ ನೋಡಿದರು. ಅಲ್ಲಿ ಹೆಂಡತಿ ಆಗಲೇ ಗದ್ದವೆತ್ತಿ, ಕೈಗಳನ್ನು ಮಗ್ಗುಲಿಗೆ ಅಂಟಿಸಿ, ಉಸಿರು ಎಳೆದುಕೊಂಡು ಸಿದ್ಧಳಾಗಿದ್ದಳು.

ಸ್ಟೂಲಿನಿಂದ ಎದ್ದರು. ಮಗಳು “ಅಪ್ಪಾ?” ಎಂದದ್ದು ಕೇಳಿಸಿತು, ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ಪಕ್ಕದ ಮೆಟ್ಟಿಲು ಹತ್ತಿದರು. ದಾದಿಯರು ಸರಿದು ದಾರಿ ಬಿಟ್ಟರು. ಬೆಂಚಿನ ಬಳಿ ಬಂದಾಗ ಏದುಸಿರು ಬರುತ್ತಿತ್ತು.

“ಒಳಗೆ ಗೋಡೆ ಮೇಲೆ ಒಂದಿದೆಯಲ್ಲ,” ಎಂದರು ಮೆಲ್ಲಗೆ, “ಅವತ್ತು ನೀನು ಅಲ್ಲಾಡಿರ್ಲಿಲ್ಲ ಕಣೇ.”

ಹೆಂಡತಿ ಕತ್ತು ತಿರುಗಿಸದೆ ಕಣ್ಣು ಮಾತ್ರ ಕೆಳಗೆ ಮಾಡಿ ನೋಡಿದಳು. ಅವಳ ಪಕ್ಕದಲ್ಲಿದ್ದ ಹಳೆಯ ಅಡುಗೆಯವನಿಗೆ ಕಿವಿ ಮಂದ.

“ಏನಂತೆ? ಏನಂತೆ ಮೇಷ್ಟ್ರು ಹೇಳೋದು?” ಎಂದು ಜೋರಾಗಿ ಕೇಳಿದ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಹಳೇ ಫೋಟೋ!” ಎಂದು ಕೂಗಿದರು. “ಅವತ್ತು ನೀವ್ಯಾರೂ ಅಲ್ಲಾಡಿರ್ಲಿಲ್ಲ! ನಾನೇ ಲೆನ್ಸ್ ಕಿರಿದು ಮಾಡೋದು ಮರೆತಿದ್ದೆ! ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ!”

ಕೆಳಗಿನ ಮೂರೂ ಸಾಲು ಹಿಂದಕ್ಕೆ ತಿರುಗಿದವು. ಅಡುಗೆಯವನು, “ಹಂಗಾದ್ರೆ ಅಲ್ಲಾಡಿದ್ದು ನಾನಲ್ವಾ?” ಎಂದ. ಯಾರೂ ನಗಲಿಲ್ಲ.

ಹೆಂಡತಿ ಮೇಷ್ಟ್ರನ್ನು ನೋಡಿದಳು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಹೊದಿಕೆ ಒಗೆದವಳು, ಇದು ಒಗೆದರೆ ಹೋಗುವ ಕಲೆಯೋ ಹೋಗದ ಕಲೆಯೋ ಎಂದು ನೋಡುವ ಹಾಗೆ ನೋಡಿದಳು.

“ಅದನ್ನ ಮನೇಲಿ ಮಾತಾಡೋಣ,” ಎಂದಳು ಕೊನೆಗೆ. “ಈಗ ಕೆಳಗಿಳೀರಿ. ಬೆಳಕು ಹೋಗ್ತಿದೆ, ಮಗಳು ಕಾಯ್ತಿದ್ದಾಳೆ.”

ಅವರು ಇಳಿದು ಬಂದರು. ಮಗಳು ಅವರ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಬಟ್ಟೆಯೊಳಗೆ ಹೋದಳು, ಹೊರಗೆ ಬಂದಳು. ಶಟರ್ ಮುಚ್ಚಿದಳು, ಲೆನ್ಸ್ ಕಿರಿದು ಮಾಡಿದಳು, ಮಾಡಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೋಲ್ಡರನ್ನು ಮಗ್ಗುಲು ಬದಲಿಸಿ ತೂರಿಸಿ, ಸ್ಪ್ರಿಂಗು ಎಳೆದು, ತಗಡು ತೆಗೆದಳು. ಶಟರ್ ಬಿಡುವ ಕೇಬಲ್ಲಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ತಲೆಯೆತ್ತಿದಳು. ತೊಂಬತ್ತೈದು ಜನ ಉಸಿರು ಬಿಗಿಹಿಡಿದರು.

“ತಾಳೇ,” ಎಂದು ಹಿಂದಿನ ಸಾಲಿನಿಂದ ದನಿ ಬಂತು.

ತಾಯಿ ಮಗ್ಗುಲಿನಿಂದ ಕೈ ಬಿಡಿಸಿಕೊಂಡು ಮೂಗು ತುರಿಸಿಕೊಂಡಳು. ಹಣೆಯ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು, ಸಾಲದೆಂದು ಇನ್ನೊಮ್ಮೆ ಸಿಕ್ಕಿಸಿದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಳು. ಭುಜ ಹಿಂದಕ್ಕೆ ತಿರುವಿದಳು, ಅತ್ತ ನೋಡಿದಳು, ಇತ್ತ ನೋಡಿದಳು, ಅಡುಗೆಯವನ ಕಾಲರು ಮಡಚಿಕೊಂಡಿದ್ದನ್ನು ಸರಿಮಾಡಿದಳು. ಹಿರಿಯ ವೈದ್ಯರು ಕಾದರು. ದಾದಿಯರು ಕಾದರು. ಸ್ಟೂಲಿನ ಮೇಲೆ ಮೇಷ್ಟ್ರು ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಹಿಡಿದುಕೊಂಡು ಕಾದರು. ಅಲ್ಲಾಡಬೇಡಿ ಎಂದು ಯಾರೂ ಅನ್ನಲಿಲ್ಲ.

ಅವಳು ದೀರ್ಘವಾಗಿ ಒಂದು ಉಸಿರು ಎಳೆದುಕೊಂಡು, ನಿಧಾನವಾಗಿ ಅದನ್ನು ಬಿಟ್ಟಳು. ಆಮೇಲೆ ಮಗಳ ಕಡೆಗೆ ನೋಡಿ ತಲೆಯಾಡಿಸಿದಳು.

“ಹ್ಞೂಂ. ಈಗ ತೆಗಿ.”