ಕರಿ ಚುಕ್ಕೆ

ರೇಷ್ಮೆಹುಳು ಸಾಕುವುದರಲ್ಲಿ ಆವತಿಯ ಮುನಿವೆಂಕಟಮ್ಮನಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಊಜಿ ನೊಣ ಮೊಟ್ಟೆಯಿಟ್ಟ ಹುಳು ಕೆಲವು ದಿನ ಚೆನ್ನಾಗಿಯೇ ಸೊಪ್ಪು ತಿನ್ನುತ್ತದೆ, ಒಳಗೆ ಊಜಿಯ ಮರಿಯೂ ಬೆಳೆಯುತ್ತದೆ. ಮರಿ ಒಳಹೊಕ್ಕ ಕಡೆ ಮೈಮೇಲೊಂದು ಕರಿ ಚುಕ್ಕೆ ಕಂಡರೆ ಸಾಕು, ಆಕೆ ಆ ಹುಳುವನ್ನು ಆರಿಸಿ ಎಸೆಯುತ್ತಿದ್ದಳು.

ತಮ್ಮ ಆಂಜಿನಪ್ಪನ ವಿಷಯದಲ್ಲಿ ಮಾತ್ರ ಆ ಕಣ್ಣು ಕುರುಡಾಯಿತು. ೧೯೮೯ರಲ್ಲಿ ರಕ್ತ ಕೊಡಲು ಹೋದವನಿಗೆ ಎಚ್‌ಐವಿ ಇದೆಯೆಂದು ಚೀಟಿ ಬರೆದು ಕಳಿಸಿದ್ದರು. ನಾಲ್ಕು ವರ್ಷ ಕಳೆದರೂ ಅವನು ಗುಂಡುಕಲ್ಲಿನಂತಿದ್ದ. "ರೋಗಾನ ನಿನ್ ಮೈಯೇ ಅರಗಿಸ್ಕೊಂಡ್ಬಿಟ್ಟೈತೆ ಕಣೋ," ಎಂದು ಅಕ್ಕ ಚೀಟಿಯನ್ನು ಒಲೆಗೆ ಹಾಕಿದಳು. ಬೇಡವೆಂದವನ ಬಾಯಿ ಮುಚ್ಚಿಸಿ, ಬೂದಿಗೆರೆಯ ರತ್ನಮ್ಮನನ್ನು ತಂದು ಮದುವೆ ಮಾಡಿದಳು.

೧೯೯೭ರಲ್ಲಿ ಆಂಜಿನಪ್ಪ ಒಣಗಿ ಕಡ್ಡಿಯಾಗಿ ಆಸ್ಪತ್ರೆ ಸೇರಿದ.

"ಇಷ್ಟ್ ವರ್ಷ ಗೆದ್ದೋನು ಈಗ್ಯಾಕೆ ಸೋತ ಸಾರ್?" ಎಂದು ಆಕೆ ಡಾಕ್ಟರನ್ನು ಕೇಳಿದಳು.

"ಗೆದ್ದಿರ್ಲಿಲ್ಲಮ್ಮ, ಮೈ ಅದನ್ನ ತಡೆದು ನಿಲ್ಸಿತ್ತು ಅಷ್ಟೇ. ರೋಗದ ಮೇಲೆ ಕಾದಾಡೋ ಕಣಗಳು ರಕ್ತದಲ್ಲಿರ್ತವೆ. ಈ ವೈರಸ್ ಬೆಳೆಯೋದು ಆ ಕಣಗಳ ಒಳಗೇನೇ. ಕಾದಾಡೋಕೆ ಮೈ ಹೊಸ ಕಣ ಎಬ್ಬಿಸಿದಷ್ಟೂ ಅದಕ್ಕೆ ಹೊಸ ಮನೆ ಸಿಗುತ್ತೆ."

ಮುನಿವೆಂಕಟಮ್ಮನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಸೊಪ್ಪು ತಿನ್ನುತ್ತಲೇ ಒಳಗೆ ಊಜಿಯನ್ನು ಬೆಳೆಸುವ ಹುಳು ನೆನಪಾಗಿ, ಇಷ್ಟು ದಿನ ತಿಳಿದೂ ತಿಳಿಯದವಳಂತೆ ಇದ್ದೆನಲ್ಲ ಎಂದುಕೊಳ್ಳುತ್ತ ಎದ್ದು ಬಂದಳು.

ಹೊರಗೆ ಬೆಂಚಿನ ಮೇಲೆ ಆರು ತಿಂಗಳ ಬಸುರಿ ರತ್ನಮ್ಮ ಕೂತಿದ್ದಳು. ಕೆನ್ನೆ ತುಂಬಿ ಕಳೆಕಳೆಯಾಗಿದ್ದಳು.

"ನನ್ ರಕ್ತಾನೂ ತಗೊಂಡ್ರು. ನಾನು ಚೆನ್ನಾಗೇ ಇದೀನಲ್ಲ ಅಕ್ಕಾ, ನಂಗ್ಯಾಕೆ?"

ಮುನಿವೆಂಕಟಮ್ಮ ಆಕೆಯ ಮುಖ, ಕತ್ತು, ಕೈಗಳನ್ನೆಲ್ಲ ನೋಡಿದಳು. ಎಲ್ಲೂ ಒಂದು ಕರಿ ಚುಕ್ಕೆ ಇರಲಿಲ್ಲ.